ಪೆಲೆಟ್ ಗ್ರಿಲ್‌ನ ಉಷ್ಣ ಸೆನ್ಸರ್ ದೋಷ: ಹೊಸದನ್ನು ತರಿಸುವ ಮುನ್ನ ಪರೀಕ್ಷಿಸುವ ಬಗೆ

ಮರದ ಗುಳಿಗೆಗಳನ್ನು ಉರಿಸಿ ಅಡುಗೆ ಮಾಡುವ ಪೆಲೆಟ್ ಗ್ರಿಲ್‌ನ ಪರದೆಯ ಮೇಲೆ ಉಷ್ಣಾಂಶದ ಅಂಕಿ ಇರಬೇಕಾದ ಜಾಗದಲ್ಲಿ ದೋಷದ ಸಂಕೇತವೊಂದು ಮಿನುಗತೊಡಗಿದಾಗ ಹೆಚ್ಚಿನವರು ಮಾಡುವ ಮೊದಲ ಕೆಲಸವೆಂದರೆ ಹೊಸ ಸೆನ್ಸರ್ ತರಿಸುವುದು. ಅದನ್ನು ಹಾಕಿದ ಮೇಲೂ ಸಂಕೇತ ಹೋಗದಿದ್ದರೆ ಕಂಟ್ರೋಲರ್ ತರಿಸುತ್ತಾರೆ. ಅದೂ ಫಲಿಸದಿದ್ದರೆ ಗ್ರಿಲ್ ಹಿತ್ತಲಿನ ಮೂಲೆ ಸೇರಿ, ಹೊದಿಕೆಯ ಅಡಿಯಲ್ಲಿ ತುಕ್ಕು ಹಿಡಿಯುತ್ತದೆ. ನಮ್ಮ ಮನೆಯ ಗ್ರಿಲ್ ಸೇರಿದಂತೆ ನಾನು ಬಿಚ್ಚಿ ನೋಡಿದ ನಾಲ್ಕೈದು ಗ್ರಿಲ್‌ಗಳಲ್ಲಿ ಸೆನ್ಸರ್ ನಿಜಕ್ಕೂ ಹಾಳಾಗಿದ್ದದ್ದು ಒಂದರಲ್ಲಿ ಮಾತ್ರ. ಉಳಿದವುಗಳಲ್ಲಿ ತಪ್ಪು ಬೆಂಕಿಯಲ್ಲಿತ್ತು, ಇಲ್ಲವೇ ತಂತಿಯ ಕೀಲಿನಲ್ಲಿ, ಅಂದರೆ ಕನೆಕ್ಟರ್‌ನಲ್ಲಿತ್ತು. ಸಾಧಾರಣ ಮಲ್ಟಿಮೀಟರ್ ಒಂದಿದ್ದರೆ ಇದನ್ನು ಅರ್ಧ ಗಂಟೆಯಲ್ಲಿ ಖಚಿತಪಡಿಸಿಕೊಳ್ಳಬಹುದು.

ಈ ಬಗೆಯ ಗ್ರಿಲ್ ಹುಟ್ಟಿದ್ದು 1980ರ ದಶಕದಲ್ಲಿ, ಅಮೆರಿಕದ ಒರೆಗಾನ್ ರಾಜ್ಯದ ಮೌಂಟ್ ಏಂಜೆಲ್ ಎಂಬ ಸಣ್ಣ ಊರಿನಲ್ಲಿ. ಅದನ್ನು ರೂಪಿಸಿದ ಜೋ ಟ್ರೇಗರ್ ಪಡೆದಿದ್ದ ಪೇಟೆಂಟಿನ ಅವಧಿ 2006ರಲ್ಲಿ ಮುಗಿದ ಮೇಲೆ ಅನೇಕ ತಯಾರಕರು ಈ ಕ್ಷೇತ್ರಕ್ಕೆ ಇಳಿದರು. ಆದ್ದರಿಂದಲೇ ದೋಷದ ಸಂಕೇತಗಳು ಒಂದೊಂದು ಕಂಪನಿಗೆ ಒಂದೊಂದು ಬಗೆಯಾಗಿವೆ. ಒಂದರಲ್ಲಿ ‘ಇಆರ್1’ ಎಂದು ಬಂದರೆ ಇನ್ನೊಂದರಲ್ಲಿ ‘ಎಲ್‌ಇಆರ್’ ಅಥವಾ ‘ಎಚ್‌ಇಆರ್’ ಎಂದು ಬರುತ್ತದೆ, ಮತ್ತೊಂದರಲ್ಲಿ ಇಡೀ ವಾಕ್ಯವೇ ಮೂಡುತ್ತದೆ. ನಿಮ್ಮ ಗ್ರಿಲ್‌ನ ಕೈಪಿಡಿಯಲ್ಲಿ ಸಂಕೇತದ ಅರ್ಥವನ್ನು ನೋಡಿಕೊಳ್ಳುವುದು ಮೊದಲ ಕೆಲಸ. ಅದು ‘ಸೆನ್ಸರ್ ಸಂಪರ್ಕ ಕಡಿದಿದೆ’ ಎನ್ನುತ್ತಿದೆಯೋ, ‘ಸೆನ್ಸರ್ ಶಾರ್ಟ್ ಆಗಿದೆ’ ಎನ್ನುತ್ತಿದೆಯೋ, ಅಥವಾ ‘ಉಷ್ಣಾಂಶ ತೀರ ಕಡಿಮೆಯಾಗಿದೆ’ ಎನ್ನುತ್ತಿದೆಯೋ ಎಂಬುದರ ಮೇಲೆ ಮುಂದಿನ ದಾರಿ ನಿಂತಿದೆ. ಸಂಕೇತಗಳು ಬೇರೆಯಾದರೂ ಒಳಗಿನ ಕ್ರಮ ಎಲ್ಲದರಲ್ಲಿಯೂ ಹೆಚ್ಚುಕಡಿಮೆ ಒಂದೇ. ಪಕ್ಕದ ಹಾಪರ್ ಎಂಬ ಡಬ್ಬಿಯಲ್ಲಿ ಮರದ ಹುಡಿಯನ್ನು ಒತ್ತಿ ಮಾಡಿದ ಗುಳಿಗೆಗಳಿರುತ್ತವೆ. ಆಗರ್ ಎಂಬ ತಿರುಪು ಸಲಾಕೆ ಅವುಗಳನ್ನು ಸ್ವಲ್ಪಸ್ವಲ್ಪವಾಗಿ ಬೆಂಕಿಯ ಬಟ್ಟಲಿಗೆ ತಳ್ಳುತ್ತದೆ, ಹಾಟ್ ರಾಡ್ ಎಂಬ ಕಡ್ಡಿ ಕೆಂಪಾಗಿ ಕಾದು ಅವುಗಳಿಗೆ ಬೆಂಕಿ ಹಚ್ಚುತ್ತದೆ, ಫ್ಯಾನ್ ಗಾಳಿ ಊದುತ್ತದೆ. ಇಷ್ಟನ್ನೂ ಆಡಿಸುವ ಕಂಟ್ರೋಲರ್‌ಗೆ ಒಳಗಿನ ಸ್ಥಿತಿ ತಿಳಿಯುವುದು ಗೋಡೆಯಿಂದ ಒಳಕ್ಕೆ ಚಾಚಿಕೊಂಡಿರುವ, ಪೆನ್ಸಿಲ್‌ಗಿಂತ ತೆಳುವಾದ ಒಂದು ಉಕ್ಕಿನ ಕಡ್ಡಿಯಿಂದ ಮಾತ್ರ. ಆ ಕಡ್ಡಿ ಏನು ಹೇಳಿದರೂ ಕಂಟ್ರೋಲರ್ ಅದನ್ನು ನಂಬುತ್ತದೆ.

ಮೀಟರ್ ಕೈಗೆತ್ತಿಕೊಳ್ಳುವ ಮೊದಲು ಆ ಕಡ್ಡಿಯ ಭಾಷೆಯನ್ನು ಸ್ವಲ್ಪ ತಿಳಿದುಕೊಳ್ಳುವುದು ಒಳ್ಳೆಯದು. ಬಹಳಷ್ಟು ಪೆಲೆಟ್ ಗ್ರಿಲ್‌ಗಳಲ್ಲಿ ಇರುವುದು ಪಿಟಿ1000 ಎಂಬ ಪ್ಲಾಟಿನಂ ಸೆನ್ಸರ್. ‘ಪಿಟಿ’ ಎಂದರೆ ಪ್ಲಾಟಿನಂ; 1000 ಎಂದರೆ ಮಂಜುಗಡ್ಡೆ ಕರಗುವ ಸೊನ್ನೆ ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದರ ವಿದ್ಯುತ್ ರೋಧ 1000 ಓಮ್ ಎಂದರ್ಥ. ಬಿಸಿ ಏರಿದಂತೆ ರೋಧವೂ ಏರುತ್ತದೆ, ಒಂದು ಡಿಗ್ರಿ ಸೆಲ್ಸಿಯಸ್‌ಗೆ ನಾಲ್ಕು ಓಮ್‌ಗೆ ತುಸು ಕಡಿಮೆ. 75 ಡಿಗ್ರಿ ಫ್ಯಾರನ್‌ಹೀಟ್ ಹವೆಯಲ್ಲಿ ಅದು 1093 ಓಮ್ ತೋರಿಸಬೇಕು. ನಿಧಾನವಾಗಿ ಹೊಗೆಯಾಡಿಸುವ 225 ಡಿಗ್ರಿಯಲ್ಲಿ 1412 ಓಮ್, 350 ಡಿಗ್ರಿಯಲ್ಲಿ 1672 ಓಮ್ ಆಗಬೇಕು. ಇದರಿಂದ ಒಂದು ಮುಖ್ಯ ಸಂಗತಿ ಹೊರಡುತ್ತದೆ. ತಂತಿಯ ಹಾದಿಯಲ್ಲಿ ಎಲ್ಲಿಯೇ ಆಗಲಿ ಹೆಚ್ಚುವರಿ ರೋಧ ಸೇರಿಕೊಂಡರೆ, ಅಂದರೆ ಕೀಲು ಸಡಿಲವಾದರೆ ಅಥವಾ ಕಿಲುಬು ಹಿಡಿದರೆ, ಕಂಟ್ರೋಲರ್ ಅದನ್ನು ಹೆಚ್ಚುವರಿ ಬಿಸಿ ಎಂದೇ ಓದುತ್ತದೆ, ಗುಳಿಗೆಗಳನ್ನು ಕಡಿಮೆ ಮಾಡುತ್ತದೆ, ಅಡುಗೆ ಅರೆಬೆಂದು ಉಳಿಯುತ್ತದೆ. ತಂತಿ ಪೂರ್ತಿ ಕಡಿದರೆ ರೋಧ ಅನಂತವಾಗುತ್ತದೆ; ಅಂತಹ ಬಿಸಿ ಅಸಾಧ್ಯವಾದ್ದರಿಂದ ಅದು ದೋಷವನ್ನು ಘೋಷಿಸುತ್ತದೆ.

ತಿರುಗುಮುರುಗಾದ ಪ್ರಸಂಗ ಇದಕ್ಕಿಂತ ಅಪಾಯಕಾರಿ. ಎರಡು ತಂತಿಗಳ ನಡುವಿನ ಹೊದಿಕೆ ಹರಿದು, ಅಥವಾ ಮಳೆನೀರು ಕೀಲಿನೊಳಗೆ ನುಗ್ಗಿ, ವಿದ್ಯುತ್ತು ಅಡ್ಡದಾರಿಯಲ್ಲಿ ಸೋರತೊಡಗಿದರೆ ಒಟ್ಟು ರೋಧ ಕುಸಿಯುತ್ತದೆ ಮತ್ತು ಕಂಟ್ರೋಲರ್ ಒಳಗೆ ತಣ್ಣಗಿದೆ ಎಂದು ಭಾವಿಸುತ್ತದೆ. ಲೆಕ್ಕ ಹಾಕಿ ನೋಡಿದರೆ ಇದರ ಗಾತ್ರ ತಿಳಿಯುತ್ತದೆ: 10,000 ಓಮ್‌ನ ಒಂದು ಸೋರಿಕೆ ಇದ್ದರೆ, ಪರದೆಯ ಮೇಲೆ 225 ಎಂದು ಬರುವ ಹೊತ್ತಿಗೆ ಒಳಗಿನ ನಿಜವಾದ ಬಿಸಿ ಸುಮಾರು 335 ಡಿಗ್ರಿ ಫ್ಯಾರನ್‌ಹೀಟ್ ಆಗಿರುತ್ತದೆ. ಜಿಡ್ಡು ತುಂಬಿದ ತಟ್ಟೆಯ ಕೆಳಗೆ ಹೀಗೆ ಬೆಂಕಿ ಏರುತ್ತ ಹೋದರೆ ಏನಾಗಬಹುದೆಂದು ಹೇಳಬೇಕಾಗಿಲ್ಲ. ಆದ್ದರಿಂದ ಪರದೆ ತೋರಿಸುವುದಕ್ಕಿಂತ ಗ್ರಿಲ್ ಹೆಚ್ಚು ಬಿಸಿ ಎನಿಸಿದರೆ, ಮಾಂಸವೋ ಜೋಳವೋ ಹೊತ್ತಿಹೋಗುತ್ತಿದ್ದರೆ, ‘ಈ ಒಂದು ಸಲ ನೋಡೋಣ’ ಎಂದು ಮುಂದುವರಿಯದೆ ಅಲ್ಲಿಗೇ ನಿಲ್ಲಿಸಿ ಪರೀಕ್ಷೆಗೆ ತೊಡಗಬೇಕು.

ಮೊದಲು ಬೆಂಕಿಯನ್ನು ನೋಡಿ

‘ಉಷ್ಣಾಂಶ ಕಡಿಮೆ’ ಎಂಬ ಸಂಕೇತ ಬಂದಾಗ ಸೆನ್ಸರ್ ಸಾಮಾನ್ಯವಾಗಿ ಸತ್ಯವನ್ನೇ ಹೇಳುತ್ತಿರುತ್ತದೆ. ಬೆಂಕಿ ಆರಿಹೋಗಿದೆ, ಒಳಗೆ ತಣ್ಣಗಾಗಿದೆ, ಅದನ್ನೇ ಅದು ವರದಿ ಮಾಡಿದೆ. ಹಾಪರ್‌ನಲ್ಲಿ ಗುಳಿಗೆಗಳು ನಡುವೆ ಕುಳಿ ಬಿದ್ದು ಆಗರ್‌ಗೆ ಇಳಿಯದೆ ನಿಂತಿರಬಹುದು. ತೇವ ಹೀರಿ ಉಬ್ಬಿ ಹಿಟ್ಟಿನಂತಾಗಿ ಸಿಕ್ಕಿಕೊಂಡಿರಬಹುದು. ಬಟ್ಟಲಿನಲ್ಲಿ ಬೂದಿ ತುಂಬಿ ಗಾಳಿಯ ರಂಧ್ರಗಳು ಮುಚ್ಚಿರಬಹುದು. ಆದ್ದರಿಂದ ಗ್ರಿಲ್ ಪೂರ್ತಿ ತಣ್ಣಗಾದ ಮೇಲೆ ಪ್ಲಗ್ ಕಿತ್ತು, ತಟ್ಟೆಗಳನ್ನು ಎತ್ತಿ, ಬಟ್ಟಲಿನೊಳಗೆ ಕಣ್ಣಾರೆ ನೋಡಬೇಕು.

ಇಲ್ಲಿ ಒಂದು ಎಚ್ಚರಿಕೆಯನ್ನು ಬಿಡುವಂತಿಲ್ಲ. ಬೆಂಕಿ ಆರಿದ ಮೇಲೂ ಆಗರ್ ಸ್ವಲ್ಪ ಹೊತ್ತು ಗುಳಿಗೆ ತಳ್ಳುತ್ತಲೇ ಇರುವುದರಿಂದ ಬಟ್ಟಲು ತುಂಬಿ ತುಳುಕುತ್ತಿರುವುದುಂಟು. ಸಂಕೇತವನ್ನು ಅಳಿಸಿ ಹಾಗೆಯೇ ಮತ್ತೆ ಚಾಲೂ ಮಾಡಿದರೆ ಆ ರಾಶಿ ಮೊದಲು ದಟ್ಟವಾಗಿ ಹೊಗೆಯಾಡುತ್ತದೆ, ಆಮೇಲೆ ಮುಚ್ಚಳದೊಳಗೆ ತುಂಬಿದ ಆ ಹೊಗೆಯೇ ಒಮ್ಮೆಗೆ ಹೊತ್ತಿಕೊಂಡು ಮುಚ್ಚಳವನ್ನು ಎತ್ತಿ ಎಸೆಯಬಹುದು. ಬಟ್ಟಲನ್ನು ಸಂಪೂರ್ಣ ಖಾಲಿ ಮಾಡಿ, ಬೂದಿ ತೆಗೆದು, ಮುಚ್ಚಳ ತೆರೆದಿಟ್ಟೇ ಮತ್ತೆ ಹೊತ್ತಿಸಬೇಕು. ತೆಗೆದ ಬೂದಿಯನ್ನು ಲೋಹದ ಡಬ್ಬಿಗೆ ಹಾಕಬೇಕೇ ಹೊರತು ಕಾಗದದ ಚೀಲಕ್ಕಲ್ಲ. ಹೀಗೆ ಸ್ವಚ್ಛ ಮಾಡಿ ಹೊತ್ತಿಸಿದ ಮೇಲೆ ಗ್ರಿಲ್ ಸರಿಯಾಗಿ ಕಾದು ನಿಂತರೆ ನಿಮ್ಮ ಕೆಲಸ ಅಲ್ಲಿಗೇ ಮುಗಿಯಿತು.

ತಣ್ಣಗಿನ ಗ್ರಿಲ್ ಏನು ಹೇಳುತ್ತದೆ

ಉಪಕರಣವೇ ಬೇಡದ ಒಂದು ಪರೀಕ್ಷೆ ಇದೆ; ಇದನ್ನು ಯಾಕೋ ಬಹಳ ಜನ ಮಾಡುವುದಿಲ್ಲ. ರಾತ್ರಿಯಿಡೀ ಆರಿದ ಗ್ರಿಲ್‌ನ ಕಂಟ್ರೋಲರ್ ಅನ್ನು ಬೆಳಗ್ಗೆ, ಬಿಸಿಲು ಬೀಳುವ ಮೊದಲು, ಹೊತ್ತಿಸದೆ ಕೇವಲ ಚಾಲೂ ಮಾಡಿ ನೋಡಿದರೆ ಪರದೆಯ ಮೇಲೆ ಅಂದಿನ ಹವೆಯ ಉಷ್ಣಾಂಶ ಬರಬೇಕು. ನಾಲ್ಕೈದು ಡಿಗ್ರಿ ಅತ್ತಿತ್ತ ಇದ್ದರೆ ಅದು ಲೆಕ್ಕಕ್ಕಿಲ್ಲ. ಕಳೆದ ಬೇಸಿಗೆಯಲ್ಲಿ ಕನ್ನಡ ಕೂಟದ ನಾಲ್ಕಾರು ಮನೆಯವರು ನಮ್ಮಲ್ಲಿಗೆ ಊಟಕ್ಕೆ ಬರುವವರಿದ್ದರು. ಹಿಂದಿನ ದಿನ ಗೊಜ್ಜಿಗೆಂದು ಇಟ್ಟ ಬದನೆಕಾಯಿಗಳು ಎರಡು ತಾಸಾದರೂ ಮೆತ್ತಗಾಗಲಿಲ್ಲ, ನಡುನಡುವೆ ದೋಷದ ಸಂಕೇತವೂ ಬಂದು ಹೋಗುತ್ತಿತ್ತು. ಮರುದಿನ ಬೆಳಗ್ಗೆ ನೋಡಿದರೆ, ಹೊರಗಿನ ಹವೆ 75 ಡಿಗ್ರಿ ಇರುವಾಗ ಪರದೆ 93 ಎನ್ನುತ್ತಿತ್ತು. ಹಾಪರ್‌ನ ಕೆಳಗಿನ ಮುಚ್ಚಳವನ್ನು ಬಿಚ್ಚಿ ಸೆನ್ಸರ್ ತಂತಿಯ ಕೀಲನ್ನು ಎಳೆದು ಬೆಳಕಿಗೆ ಹಿಡಿದಾಗ, ಎರಡು ಲೋಹದ ಕಾಲುಗಳಲ್ಲಿ ಒಂದರ ಬುಡಕ್ಕೆ ಹಿತ್ತಾಳೆ ಚೊಂಬಿನ ಅಂಚಿಗೆ ಕಟ್ಟುವಂತಹ ಹಸಿರು ಕಿಲುಬು ಕಟ್ಟಿತ್ತು. ಕೀಲಿನ ಆಚೆಯಿಂದ ಅಳೆದರೆ 1131 ಓಮ್. ಕೀಲನ್ನು ಬಿಟ್ಟು ಸೆನ್ಸರ್‌ನ ತಂತಿಯನ್ನೇ ಅಳೆದರೆ 1093. ಸೆನ್ಸರ್ ಸರಿಯಾಗಿಯೇ ಇತ್ತು. ನಡುವಿನ ಆ 38 ಓಮ್‌ಗಳೇ ಗ್ರಿಲ್ ಅನ್ನು ಹದಿನೆಂಟು ಡಿಗ್ರಿ ತಣ್ಣಗಿಟ್ಟು, ಕೀಲು ಅಲುಗಿದಾಗಲೆಲ್ಲ ಸಂಪರ್ಕ ಕಡಿದು, ಸಂಕೇತ ತರಿಸುತ್ತಿದ್ದವು.

ಕಿಲುಬು ತೆಗೆಯಲು ವಿದ್ಯುತ್ ಸಂಪರ್ಕಗಳಿಗೆಂದೇ ಮಾರುವ ಕ್ಲೀನರ್ ಸ್ಪ್ರೇ ಮತ್ತು ಹಳೆಯ ಹಲ್ಲುಜ್ಜುವ ಬ್ರಷ್ ಸಾಕು. ಹಿತ್ತಾಳೆ ಎಂದ ಕೂಡಲೇ ನಮ್ಮವರಿಗೆ ಹುಣಸೆಹಣ್ಣು ನೆನಪಾಗುತ್ತದೆ, ಆದರೆ ಹುಳಿಯ ಅಂಶ ಕೀಲಿನೊಳಗೆ ಉಳಿದರೆ ಲೋಹವನ್ನು ತಿನ್ನುತ್ತಲೇ ಇರುವುದರಿಂದ ಅದನ್ನು ಇಲ್ಲಿ ಬಳಸಬಾರದು. ಲೋಹದ ಹಿಡಿತ ಸಡಿಲವಾಗಿದ್ದರೆ ಮೊನಚು ಇಕ್ಕುಳದಿಂದ ಹಗುರವಾಗಿ ಒತ್ತಿ ಬಿಗಿ ಮಾಡಬಹುದು. ತಿರುಪಿನಿಂದ ಬಿಗಿಯುವ ಕೀಲಾದರೆ ತಂತಿಯ ತುದಿಯನ್ನು ಅರ್ಧ ಅಂಗುಲ ಕತ್ತರಿಸಿ ಹೊಸ ಎಳೆಗಳನ್ನು ಹೊರತೆಗೆದು ಬಿಗಿಯುವುದು ಒಳ್ಳೆಯದು. ಇದೇ ಹೊತ್ತಿನಲ್ಲಿ ತಂತಿಯ ಉದ್ದಕ್ಕೂ ಬೆರಳಾಡಿಸಿ ನೋಡಬೇಕು. ಲೋಹದ ಗೋಡೆಯ ರಂಧ್ರದಲ್ಲಿ ತೂರಿ ಬರುವ ಜಾಗದಲ್ಲಿ ಅಂಚು ಉಜ್ಜಿ ಹೊದಿಕೆ ಹರಿದಿರುವುದು, ಬೆಂಕಿಯ ಬಟ್ಟಲಿನ ಹತ್ತಿರ ಹಾದು ಸುಟ್ಟಿರುವುದು, ಚಳಿಗಾಲದಲ್ಲಿ ಗ್ರಿಲ್ ಅಡಿ ಗೂಡು ಕಟ್ಟಿದ ಇಲಿ ಕಡಿದಿರುವುದು, ಇವು ಮೂರೂ ಸಾಮಾನ್ಯ.

ಕಡ್ಡಿಯ ಮೇಲ್ಮೈಯನ್ನೂ ಒಮ್ಮೆ ಒರೆಸಬೇಕು. ಹೊಗೆ ಮತ್ತು ಜಿಡ್ಡು ಸೇರಿ ಅದರ ಮೇಲೆ ಗಟ್ಟಿಯಾದ ಕಪ್ಪು ಕಿಟ್ಟ ಕಟ್ಟಿರುತ್ತದೆ. ಕಿಟ್ಟ ಕಟ್ಟಿದ ಸೆನ್ಸರ್ ತಪ್ಪು ಹೇಳುವುದಿಲ್ಲ, ತಡವಾಗಿ ಹೇಳುತ್ತದೆ. ಆ ತಡದಿಂದಾಗಿ ಕಂಟ್ರೋಲರ್ ಗುಳಿಗೆಗಳನ್ನು ಸಾಕಾದ ಮೇಲೂ ಹಾಕುತ್ತ, ಆಮೇಲೆ ಬೇಕಾದ ಹೊತ್ತಿಗೆ ಹಾಕದೆ, ಉಷ್ಣಾಂಶ ಉಯ್ಯಾಲೆಯಂತೆ ತೂಗತೊಡಗುತ್ತದೆ. ಪಾತ್ರೆ ತೊಳೆಯುವ ಸೋಪಿನ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ತಾಳ್ಮೆಯಾಗಿ ಒರೆಸಿದರೆ ಹೆಚ್ಚಿನದು ಬಿಡುತ್ತದೆ. ಕಡ್ಡಿಯನ್ನು ಬಗ್ಗಿಸಬಾರದು, ಚಾಕುವಿನಿಂದ ಕೆರೆಯಲೂ ಬಾರದು. ಮುಚ್ಚಳದ ಮೇಲಿನ ಮುಳ್ಳಿನ ಥರ್ಮಾಮೀಟರ್‌ಗೂ ಪರದೆಗೂ ಇಪ್ಪತ್ತು ಡಿಗ್ರಿ ವ್ಯತ್ಯಾಸವಿದೆ ಎಂದು ಚಿಂತಿಸುವವರಿದ್ದಾರೆ. ಎರಡೂ ಬೇರೆಬೇರೆ ಎತ್ತರದಲ್ಲಿ, ಬೇರೆಬೇರೆ ಗಾಳಿಯಲ್ಲಿ ಇರುವುದರಿಂದ ಅಷ್ಟು ವ್ಯತ್ಯಾಸ ಸಹಜ, ಅದರ ಬೆನ್ನು ಹತ್ತಬೇಕಾಗಿಲ್ಲ.

ಮೀಟರ್ ಹಿಡಿದು ಅಳೆಯುವುದು

ಇಷ್ಟಾದರೂ ದೋಷ ಉಳಿದಿದ್ದರೆ ಸೆನ್ಸರ್ ಅನ್ನೇ ಅಳೆಯಬೇಕು. ಅಮೆರಿಕದಲ್ಲಿ ಗ್ರಿಲ್‌ಗೆ ಬರುವುದು 120 ವೋಲ್ಟ್. ಹಾಟ್ ರಾಡ್‌ನ ತಂತಿಯೂ ಸೆನ್ಸರ್‌ನ ತಂತಿಯೂ ಅದೇ ಡಬ್ಬಿಯೊಳಗೆ ಪಕ್ಕಪಕ್ಕದಲ್ಲಿರುವುದರಿಂದ, ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ಅನ್ನು ಗೋಡೆಯಿಂದ ಕಿತ್ತು ಕಣ್ಣಿಗೆ ಕಾಣುವಂತೆ ಇಟ್ಟುಕೊಳ್ಳಬೇಕು. ಸೆನ್ಸರ್‌ನ ಎರಡೂ ತಂತಿಗಳನ್ನು ಕಂಟ್ರೋಲರ್‌ನಿಂದ ಬಿಡಿಸಿ, ಮಲ್ಟಿಮೀಟರನ್ನು 2000 ಓಮ್ ಶ್ರೇಣಿಗೆ ತಿರುಗಿಸಿ, ಮೊದಲು ಮೀಟರ್‌ನ ಎರಡು ಮೊನೆಗಳನ್ನು ಒಂದಕ್ಕೊಂದು ತಾಗಿಸಿ ಎಷ್ಟು ತೋರಿಸುತ್ತದೆಂದು ನೋಡಿಕೊಂಡು, ಆಮೇಲೆ ತಂತಿಗಳಿಗೆ ಹಿಡಿಯಬೇಕು. ತಂತಿಗಳನ್ನು ಕಂಟ್ರೋಲರ್‌ಗೆ ಸಿಕ್ಕಿಸಿಟ್ಟೇ ಅಳೆದರೆ ಅದರ ಒಳಗಿನ ಭಾಗಗಳ ರೋಧವೂ ಬೆರೆತು ಅಂಕಿ ಕೆಡುತ್ತದೆ.

ಸಾಮಾನ್ಯ ಹವೆಯಲ್ಲಿ 1080ರಿಂದ 1120 ಓಮ್ ಒಳಗೆ ಬಂದರೆ ಅದು ಪಿಟಿ1000, ಮತ್ತು ಸದ್ಯಕ್ಕೆ ಆರೋಗ್ಯವಾಗಿದೆ. ನೂರು ಓಮ್ ಆಸುಪಾಸು ಬಂದರೆ ಅದು ಪಿಟಿ100 ಎಂಬ ಅದರ ತಮ್ಮ. ಅದೇ ಲೆಕ್ಕವನ್ನು ಹತ್ತರಿಂದ ಭಾಗಿಸಿಕೊಳ್ಳಬೇಕು, ಮೀಟರ್ ಮೊನೆಗಳ ರೋಧವನ್ನೂ ಕಳೆಯಬೇಕು, ಏಕೆಂದರೆ ಇಲ್ಲಿ ಒಂದೇ ಒಂದು ಓಮ್ ಎಂದರೆ ಎರಡೂವರೆ ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು. ಕೆಲವೇ ಓಮ್ ಬಂದರೆ ಅದು ಎರಡು ಬೇರೆ ಲೋಹಗಳ ತಂತಿ ಸೇರಿಸಿ ಮಾಡಿದ ಥರ್ಮೋಕಪಲ್ ಎಂಬ ಸೆನ್ಸರ್ ಆಗಿರಬಹುದು, ಅಥವಾ ಪಿಟಿ ಸೆನ್ಸರ್ ಶಾರ್ಟ್ ಆಗಿರಬಹುದು, ಕೈಪಿಡಿಯಿಂದಲೇ ತೀರ್ಮಾನಿಸಬೇಕು. ಮೀಟರಿನ ಶ್ರೇಣಿ ಏರಿಸಿದಾಗ ಹತ್ತಾರು ಸಾವಿರ ಓಮ್ ಬಂದರೆ ಅದು ಥರ್ಮಿಸ್ಟರ್, ಅಂದರೆ ಬಿಸಿ ಏರಿದಂತೆ ರೋಧ ಇಳಿಯುವ ಸೆನ್ಸರ್. ಅನುಮಾನವಿದ್ದರೆ ಕಡ್ಡಿಯ ತುದಿಯನ್ನು ಮುಷ್ಟಿಯಲ್ಲಿ ಹಿಡಿದುಕೊಳ್ಳಿ: ಮೈಯ ಶಾಖಕ್ಕೆ ಪ್ಲಾಟಿನಂನ ಅಂಕಿ ನಿಧಾನವಾಗಿ ಏರುತ್ತದೆ, ಥರ್ಮಿಸ್ಟರ್‌ನದು ಇಳಿಯುತ್ತದೆ. ಥರ್ಮಿಸ್ಟರ್ ಅಳೆಯುವಾಗ ಮೀಟರ್‌ನ ಎರಡೂ ಮೊನೆಗಳ ಲೋಹವನ್ನು ಬೆರಳಿನಿಂದ ಮುಟ್ಟಬಾರದು, ನಮ್ಮ ಚರ್ಮದ ರೋಧವೂ ಅದರ ಜೊತೆಗೆ ಸೇರಿಕೊಳ್ಳುತ್ತದೆ.

ಅಂಕಿ ಸರಿಯಾಗಿ ಬಂದಿತೆಂದು ಅಲ್ಲಿಗೇ ಬಿಡಬಾರದು. ಮೊನೆಗಳನ್ನು ಹಾಗೆಯೇ ಹಿಡಿದಿಟ್ಟು, ಇನ್ನೊಬ್ಬರ ಕೈಯಲ್ಲಿ ತಂತಿಯನ್ನು, ವಿಶೇಷವಾಗಿ ಅದು ಕಡ್ಡಿಯೊಳಗೆ ಹೋಗುವ ಕತ್ತನ್ನು, ಮೆಲ್ಲಗೆ ಅಲುಗಿಸಬೇಕು. ಒಳಗೆ ಎಳೆ ತುಂಡಾಗಿದ್ದರೆ ಅಂಕಿ ಥಟ್ಟನೆ ಹಾರುತ್ತದೆ. ಬಂದು ಹೋಗುವ ದೋಷಗಳಲ್ಲಿ ಹೆಚ್ಚಿನವು ಸಿಕ್ಕಿಬೀಳುವುದು ಹೀಗೆಯೇ. ಆಮೇಲೆ ಒಂದು ಮೊನೆಯನ್ನು ತಂತಿಗೂ ಇನ್ನೊಂದನ್ನು ಕಡ್ಡಿಯ ಉಕ್ಕಿಗೂ ಹಿಡಿದು, ಮೀಟರಿನ ಅತಿ ದೊಡ್ಡ ಶ್ರೇಣಿಯಲ್ಲಿ ನೋಡಬೇಕು. ಸಾಮಾನ್ಯವಾಗಿ ಅಲ್ಲಿ ಯಾವ ಸಂಪರ್ಕವೂ ಇರಬಾರದು. ಇದ್ದರೆ ಒಳಗಿನ ಹೊದಿಕೆ ಸೋತಿದೆ ಎಂದರ್ಥ.

ಪೂರ್ತಿ ಖಾತ್ರಿ ಬೇಕೆನ್ನುವವರು ಕಡ್ಡಿಯನ್ನು ಗ್ರಿಲ್‌ನಿಂದ ಹೊರತೆಗೆದು ಮಂಜುಗಡ್ಡೆಯ ನೀರಿನಲ್ಲಿ ಪರೀಕ್ಷಿಸಬಹುದು. ಲೋಟದ ತುಂಬ ಪುಡಿ ಮಾಡಿದ ಮಂಜುಗಡ್ಡೆ ಹಾಕಿ, ಸಂದುಗಳು ತುಂಬುವಷ್ಟೇ ನೀರು ಸುರಿದು, ಕಲಕುತ್ತ ಎರಡು ಮೂರು ನಿಮಿಷ ಬಿಟ್ಟರೆ ಅಂಕಿ 1000ಕ್ಕೆ ತೀರ ಹತ್ತಿರ ಬಂದು ನಿಲ್ಲಬೇಕು. ತಂತಿ ಕಡ್ಡಿಯನ್ನು ಸೇರುವ ಕತ್ತು ಮಾತ್ರ ನೀರಿನಲ್ಲಿ ಮುಳುಗಬಾರದು. ಕುದಿಯುವ ನೀರಿನಲ್ಲಿ 1385 ಬರಬೇಕು, ಆದರೆ ಆ ಮಾತು ಸಮುದ್ರಮಟ್ಟದ ಊರಿಗೆ ಮಾತ್ರ ಸರಿ. ಒಂದು ಮೈಲಿ ಎತ್ತರದಲ್ಲಿರುವ ಡೆನ್ವರ್‌ನಲ್ಲಿ ನೀರು 202 ಡಿಗ್ರಿ ಫ್ಯಾರನ್‌ಹೀಟ್ ಆಸುಪಾಸಿನಲ್ಲಿಯೇ ಕುದಿಯುವುದರಿಂದ ಅಲ್ಲಿ 1364ರ ಸುಮಾರು ಬಂದರೆ ಸೆನ್ಸರ್ ಕೆಟ್ಟಿದೆ ಎಂದು ತಿಳಿಯಬಾರದು. ಬೆಂಗಳೂರಿನಲ್ಲಿಯೂ ನೀರು ನೂರು ಸೆಲ್ಸಿಯಸ್ ಮುಟ್ಟುವ ಮೊದಲೇ ಕುದಿಯುತ್ತದೆ. ಊರಿನ ಅಡುಗೆಮನೆಗಳ ಓಟಿಜಿ ಎಂಬ ಸಣ್ಣ ವಿದ್ಯುತ್ ಓವನ್‌ನಲ್ಲಿ ಸಾಮಾನ್ಯವಾಗಿ ಇಂತಹ ಸೆನ್ಸರ್ ಇರುವುದಿಲ್ಲ, ಬಿಸಿಗೆ ಹಿಗ್ಗುವ ಯಾಂತ್ರಿಕ ಥರ್ಮೋಸ್ಟಾಟ್ ಇರುತ್ತದೆ; ಅದಕ್ಕೆ ಈ ಓಮ್ ಲೆಕ್ಕ ಅನ್ವಯಿಸುವುದಿಲ್ಲ.

ಸೆನ್ಸರ್ ಸರಿ, ಕೀಲು ಸರಿ, ಆದರೂ ಸಂಕೇತ ಹೋಗಿಲ್ಲ ಎಂದರೆ ಮಾತ್ರ ಕಂಟ್ರೋಲರ್ ಮೇಲೆ ಸಂಶಯ ಪಡಬೇಕು. ಅದನ್ನು ಪರೀಕ್ಷಿಸಲು ನನಗೆ ತಿಳಿದಂತೆ ಅತ್ಯಂತ ಅಗ್ಗದ ಉಪಾಯವೆಂದರೆ ಎಲೆಕ್ಟ್ರಾನಿಕ್ಸ್ ಅಂಗಡಿಯ ಎರಡು ಸಣ್ಣ ರೆಸಿಸ್ಟರ್‌ಗಳು, ಒಂದು ಪ್ರತಿಶತ ನಿಖರತೆಯವು. ಹಾಪರ್ ಮತ್ತು ಬೆಂಕಿಯ ಬಟ್ಟಲನ್ನು ಖಾಲಿ ಮಾಡಿ, ಪ್ಲಗ್ ಕಿತ್ತಿರುವಾಗಲೇ ಸೆನ್ಸರ್‌ನ ಜಾಗದಲ್ಲಿ 1.2 ಕಿಲೋ ಓಮ್ ರೆಸಿಸ್ಟರ್ ಸಿಕ್ಕಿಸಿ, ಡಬ್ಬಿಯ ಮುಚ್ಚಳ ಹಾಕಿ, ಆಮೇಲೆ ಚಾಲೂ ಮಾಡಿದರೆ ಪಿಟಿ1000ಕ್ಕೆಂದು ಮಾಡಿದ ಕಂಟ್ರೋಲರ್ 125 ಡಿಗ್ರಿ ಫ್ಯಾರನ್‌ಹೀಟ್ ಹತ್ತಿರದ ಅಂಕಿ ತೋರಿಸಬೇಕು. 1.5 ಕಿಲೋ ಓಮ್ ಹಾಕಿದರೆ 267ರ ಹತ್ತಿರ ಬರಬೇಕು. ರೆಸಿಸ್ಟರ್‌ನ ನಿಖರತೆಯಿಂದಾಗಿ ಆರೇಳು ಡಿಗ್ರಿ ಹೆಚ್ಚುಕಡಿಮೆಯಾಗಬಹುದು. ಅಂಕಿ ನೋಡಿದ ಕೂಡಲೇ, ಒಂದು ನಿಮಿಷದೊಳಗೆ, ಆರಿಸಬೇಕು. ಹೊತ್ತಿಸಲು ಹೋಗಬಾರದು, ಏಕೆಂದರೆ ಈಗ ಕಂಟ್ರೋಲರ್‌ಗೆ ಒಳಗಿನ ಬಿಸಿ ಕಾಣುವುದೇ ಇಲ್ಲ. ಎರಡೂ ಅಂಕಿಗಳು ಸರಿಯಾಗಿ ಬಂದರೆ ಕಂಟ್ರೋಲರ್ ನಿರಪರಾಧಿ, ತಂತಿಯನ್ನೇ ಮತ್ತೆ ಹುಡುಕಬೇಕು. ಎರಡೂ ತಪ್ಪಾದರೆ, ಅಥವಾ ಆಗಲೂ ದೋಷದ ಸಂಕೇತವೇ ಬಂದರೆ, ಕಂಟ್ರೋಲರ್ ಬದಲಿಸುವುದು ಅನಿವಾರ್ಯ; ಖಾತರಿಯ ಅವಧಿ ಉಳಿದಿದ್ದರೆ ಈ ಅಂಕಿಗಳನ್ನು ಬರೆದು ಕಳುಹಿಸಿದರೆ ತಯಾರಕರ ಜೊತೆಗಿನ ಮಾತು ಬೇಗ ಮುಗಿಯುತ್ತದೆ.

ಹೊಸ ಸೆನ್ಸರ್ ಬೇಕೆಂದೇ ತೀರ್ಮಾನವಾದರೆ ಅದರ ಬಗೆ, ಕಡ್ಡಿಯ ಉದ್ದ ಮತ್ತು ದಪ್ಪ, ಕೀಲಿನ ಆಕಾರ, ಇಷ್ಟೂ ಹಳೆಯದಕ್ಕೆ ಹೊಂದಬೇಕು. ಮಾಂಸಕ್ಕೆ ಚುಚ್ಚುವ ಪ್ರೋಬ್ ಸಾಮಾನ್ಯವಾಗಿ ಥರ್ಮಿಸ್ಟರ್ ಆಗಿರುವುದರಿಂದ ಒಂದರ ಬದಲು ಇನ್ನೊಂದು ನಡೆಯುವುದಿಲ್ಲ. ಪಿಟಿ1000ದ ಎರಡು ತಂತಿಗಳಿಗೆ ಪಾಸಿಟಿವ್, ನೆಗೆಟಿವ್ ಎಂಬ ಭೇದವಿಲ್ಲ, ಹೇಗೆ ಸಿಕ್ಕಿಸಿದರೂ ಸರಿ. ಥರ್ಮೋಕಪಲ್‌ಗೆ ಆ ಭೇದವಿದೆ. ಹೊಸ ತಂತಿಯನ್ನು ಹಳೆಯ ದಾರಿಯಲ್ಲಿಯೇ, ಆಗರ್ ಮೋಟಾರ್ ಮತ್ತು ಬಟ್ಟಲಿನಿಂದ ದೂರವಿಟ್ಟು ಎಳೆಯಬೇಕು, ಗೋಡೆಯ ರಂಧ್ರದ ರಬ್ಬರ್ ಬಳೆ ಹರಿದಿದ್ದರೆ ಅದನ್ನೂ ಬದಲಿಸಬೇಕು, ಕಡ್ಡಿಯ ತುದಿ ಗೋಡೆಗೆ ತಾಗದಂತೆ ನೋಡಿಕೊಳ್ಳಬೇಕು.

ಎಲ್ಲವನ್ನೂ ಜೋಡಿಸಿದ ಮೇಲೆ ಏನನ್ನೂ ಬೇಯಿಸದೆ 225 ಡಿಗ್ರಿಯಲ್ಲಿ ಒಂದು ತಾಸು ಓಡಿಸಿ, ತಟ್ಟೆಯ ನಡುವೆ ಇನ್ನೊಂದು ಥರ್ಮಾಮೀಟರ್ ಇಟ್ಟು, ಮೊದಲ ಅರ್ಧ ತಾಸು ಹತ್ತಿರವೇ ಇದ್ದು ನೋಡಬೇಕು. ನಾನು ಹಾಪರ್‌ನ ಮುಚ್ಚಳದ ಒಳಬದಿಗೆ ಮಾರ್ಕರ್ ಪೆನ್ನಿನಿಂದ ‘75 ಡಿಗ್ರಿ, 1093 ಓಮ್’ ಎಂದು ಬರೆದು ಅಂದಿನ ತಾರೀಖು ಹಾಕಿಟ್ಟಿದ್ದೇನೆ. ಮುಂದಿನ ಸಲ ಪರದೆ ಮಿನುಗಿದಾಗ ಮೀಟರ್ ಅನ್ನು ಯಾವುದಕ್ಕೆ ಹೋಲಿಸಬೇಕೆಂದು ಹುಡುಕಬೇಕಾಗಿಲ್ಲ.